ಹೆಸರು ಬರೆಯದ ಮುನ್ಷಿ ಕಾಕಾ

ಮುನ್ಷಿ ಕಾಕಾ ತೀರಿಕೊಂಡು ತಿಂಗಳಾಯಿತು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಈಗ ಬರೆದರೆ ಯಾರಿಗೂ ಏನೂ ಆಗುವಂತಿಲ್ಲ. ಆದರೂ ಬದುಕಿರುವ ಒಬ್ಬರ ಹೆಸರನ್ನೂ ತಿಳಿದೂ ತಿಳಿದೂ ಶಾಯಿಯಲ್ಲಿ ಬರೆಯದೆ ಅರವತ್ತು ಚಿಲ್ಲರೆ ವರ್ಷ ಕಳೆದವರ ಹೆಸರನ್ನು ಕೀಬೋರ್ಡಿನ ಮೇಲೆ ಟಕಟಕ ಬಡಿಯಲು ನನ್ನ ಬೆರಳು ಒಪ್ಪುತ್ತಿಲ್ಲ. ಊರಿಗೆಲ್ಲ ಅವರು ಮುನ್ಷಿ ಕಾಕಾ. ನನಗೂ ಅಷ್ಟೇ.

ಸುರಪುರದ ತಹಶೀಲ್ ಕಚೇರಿಯ ಎದುರಿಗೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಈಗ ಅದೇ ಜಾಗದಲ್ಲಿ ಝೆರಾಕ್ಸ್ ಮಾಡುವ, ಪಹಣಿ ತೆಗೆದುಕೊಡುವ ಅಂಗಡಿ ಇದೆ. ನನ್ನ ಬಾಗಿಲ ಪಕ್ಕದ ಬೇವಿನ ಮರದ ಕೆಳಗೆ ಅವರ ಇಳಿಜಾರು ಡೆಸ್ಕು. ಬಿಳಿ ಪೈಜಾಮ, ಮೊಣಕಾಲಿನವರೆಗೆ ಕರಿ ಶೇರ್ವಾನಿ, ಮೇ ತಿಂಗಳ ಬಿಸಿಲಲ್ಲೂ ಕುತ್ತಿಗೆಯ ಗುಂಡಿ ಬಿಚ್ಚುತ್ತಿರಲಿಲ್ಲ. ಅಜ್ಜ, ಮುತ್ತಜ್ಜ ಸಂಸ್ಥಾನದ ಚಾಕರಿಯಲ್ಲಿದ್ದ ಹಿಂದೂ ಮನೆತನ. ಇವರು ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತು, ಮನೆಯಲ್ಲಿ ಫಾರ್ಸಿ ಕಲಿತವರು. ಆ ಕಾಲದ ಅದಬು-ಮರ್ಯಾದೆ ಅವರ ಮೈಯಲ್ಲಿ ಹಾಗೇ ಉಳಿದಿತ್ತು. ಚಿಕ್ಕ ಮಕ್ಕಳಿಗೂ ಬಹುವಚನ. ಡೆಸ್ಕಿನ ಮೇಲಿನ ಕಾಗದ ಮೇಯಲು ಬಂದ ಆಡಿಗೂ "ಸರೀರಿ ಅತ್ಲಾಗ" ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಅವರ ಅಕ್ಷರದ ಬಗ್ಗೆ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. ನಾನು ಸಾಲ ಮಾಡಿ ತಂದ ಮಷೀನಿನ ಮುಂದೆ ಕೂತು ನೊಣ ಹೊಡೆಯುತ್ತಿದ್ದರೆ ಜನ ಮೊದಲು ಹೋಗುತ್ತಿದ್ದುದು ಅವರ ಹತ್ತಿರ. ಅವರು ಬರೆದ ಅರ್ಜಿ ಮೇಜಿನ ಮೇಲೆ ಬಂದರೆ ತಹಶೀಲ್ದಾರರು ಮೊದಲು ಓದುತ್ತಲೇ ಇರಲಿಲ್ಲವಂತೆ, ಸುಮ್ಮನೆ ನೋಡುತ್ತಿದ್ದರಂತೆ. ಆದರೆ ಅದರಲ್ಲಿ ಒಂದು ಐಬು ಇರುತ್ತಿತ್ತು. ವಿಷಯ ಇರುತ್ತಿತ್ತು, ಉಲ್ಲೇಖ ಇರುತ್ತಿತ್ತು, ಸರ್ವೆ ನಂಬರು ಇರುತ್ತಿತ್ತು. ಹೆಸರು ಬರಬೇಕಾದ ಕಡೆಯೆಲ್ಲ ನಾಲ್ಕು ಬೆರಳಗಲ ಖಾಲಿ. "ಹೆಸರು ನೀವ ತುಂಬಿಕೋರಿ" ಎಂದು ಕಾಗದವನ್ನು ಎದುರಿನವರ ಕಡೆ ತಿರುಗಿಸುತ್ತಿದ್ದರು. ಬರೆಯಲು ಬಾರದವರು ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ಆ ಮುತ್ತಿನ ಸಾಲಿನ ನಡುವೆ ನನ್ನ ಮಷೀನು ಹೊಡೆದ ಹೆಸರು ಜರಿ ಸೀರೆಗೆ ಗೋಣಿಚೀಲದ ತೇಪೆ ಹಾಕಿದಂತೆ ಕಾಣುತ್ತಿತ್ತು. ನಾಚಿಕೆಯಾಗುತ್ತಿತ್ತು ನಿಜ. ಆದರೆ ಮೊದಲ ಒಂದೆರಡು ವರ್ಷ ನನ್ನ ಹೊಟ್ಟೆ ತುಂಬಿದ್ದು ಅವರು ಖಾಲಿ ಬಿಟ್ಟ ಜಾಗದಿಂದಲೇ.

ಇದು ಸೊಕ್ಕು ಎಂದು ಕೆಲವರು, ಯಾವುದೋ ವ್ರತ ಎಂದು ಕೆಲವರು. ನಾನು ಬಾಯಿಬಡುಕ, ಎದುರಿಗೇ ಕೆಣಕುತ್ತಿದ್ದೆ. ಹೆಂಡತಿ, ನಮ್ಮ ಕಾಕಿಯ ಹೆಸರಾದರೂ ಬರೆಯಲು ಬರುತ್ತದೋ ಇಲ್ಲವೋ ಎಂದು ಒಮ್ಮೆ ಕೇಳಿದ್ದಕ್ಕೆ ಅವರು ನಕ್ಕು ಎಲೆಯಡಿಕೆ ಮುಂದೆ ಮಾಡಿದರು. ಕಾಕಿ ತೀರಿಹೋದ ದಿನ ನಾನು ಹೋದಾಗ ಹೊರಗೆ ಹೆಣ ಶೃಂಗರಿಸುತ್ತಿದ್ದರು, ಇವರು ಒಳಗೆ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದರು. ಹಾಳೆಯ ತುಂಬ ಒಂದೇ ಹೆಸರು. ಕನ್ನಡದಲ್ಲಿ, ಉರ್ದುವಿನಲ್ಲಿ, ಮತ್ತೆ ಕನ್ನಡದಲ್ಲಿ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇವತ್ತು ಬರೆಯಲು ಸಿಕ್ಕಿತು ಎಂದರು. ನನಗೆ ಅಳು ಬರಬೇಕಿತ್ತು. ಬಂದದ್ದು ಭಯ.

ಏಕೆಂದರೆ ಸತ್ತವರ ಹೆಸರನ್ನು ಮಾತ್ರ ಅವರು ಬರೆಯುತ್ತಿದ್ದರು. ಸುರಪುರದ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋಗಳ ಕೆಳಗಿನ ಹೆಸರು ಅವರ ಕೈಯದು. ಮಣ್ಣು ಮಾಡಿ ಬಂದ ಮೂರನೆಯ ದಿನ ಮನೆಯವರು ಹೋಗಿ ಕೇಳುವುದು, ಅವರು ಸ್ನಾನ ಮಾಡಿ ಬಂದು ಬರೆದುಕೊಡುವುದು ರೂಢಿಯಾಗಿಬಿಟ್ಟಿತ್ತು. ಆ ಅಕ್ಷರದಲ್ಲಿ ಯಾರದಾದರೂ ಹೆಸರು ಕಂಡರೆ ಆ ಮನುಷ್ಯ ಇಲ್ಲ ಎಂದೇ ಅರ್ಥ. ಒಮ್ಮೆ ರಂಗಂಪೇಟೆಯಲ್ಲಿ ಒಬ್ಬರ ಮನೆಗೆ ಕರೆಂಟ್ ಬಿಲ್ಲಿನ ಅರ್ಜಿ ಕೊಡಲು ಹೋಗಿ, ಬಾಗಿಲಲ್ಲಿ ನಿಂತವನಿಗೆ ಎದುರು ಗೋಡೆಯ ಮೇಲೆ ಆ ಯಜಮಾನರ ಹೆಸರೇ ಕಂಡಿತು. ಹಿಂದಿನ ವಾರ ಅರ್ಜಿ ಹೇಳಿ ಬರೆಸಿದ್ದವರು ಅವರೇ. ಯಾವಾಗ ಆಯಿತು ಎಂದು ಕೇಳದೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.

ಒಂದೇ ಒಂದು ಸಲ ತಪ್ಪಾಯಿತು, ಅದೂ ಅವರ ತಪ್ಪಲ್ಲ. ಶಹಾಪುರದಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಅಣ್ಣ ತೀರಿಹೋದ. ಫೋಟೋಕ್ಕೆ ಫ್ರೇಮು ಹಾಕುವವನು ಗಡಿಬಿಡಿಯಲ್ಲಿ ಚೀಟಿಯ ಮೇಲೆ ತಮ್ಮನ ಹೆಸರು ಬರೆದು ಕಳಿಸಿದ. ಕಾಕಾ ಅದನ್ನೇ ಬರೆದುಕೊಟ್ಟರು. ಅಣ್ಣನ ಮುಖದ ಕೆಳಗೆ ತನ್ನ ಹೆಸರನ್ನು ಆ ಅಕ್ಷರದಲ್ಲಿ ನೋಡಿದ ತಮ್ಮ ಅವತ್ತೇ ಹಾಸಿಗೆ ಹಿಡಿದ. ಸುದ್ದಿ ತಿಳಿದ ಮರುದಿನದಿಂದ ಕಾಕಾ ಡೆಸ್ಕು ಹಾಕಲಿಲ್ಲ. ದಿನಾ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಹೋಗಿ ಆ ಮನೆಯ ಎದುರಿನ ಕಟ್ಟೆಯ ಮೇಲೆ ಕೂಡುವುದು, ಸಂಜೆ ಬಸ್ಸಿಗೆ ಬರುವುದು. ಯಾರೊಂದಿಗೂ ಮಾತಿಲ್ಲ. ಮನೆಯವರು ಬೈದರು, ಆಮೇಲೆ ಚಹಾ ಕೊಟ್ಟರು, ಅದನ್ನೂ ಮುಟ್ಟಲಿಲ್ಲ. ಇಪ್ಪತ್ತು ದಿನದ ಮೇಲೆ ಆ ತಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತ. ಕಾಕಾ ಎದ್ದು, ಕೈಮುಗಿದು, ಬಸ್ ಸ್ಟ್ಯಾಂಡಿನ ಕಡೆ ನಡೆದರಂತೆ. ಆ ತಮ್ಮ ಈಗಲೂ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಅವನಿಗೆ ಬಂದದ್ದು ಬರೀ ಹೆದರಿಕೆಯ ಜ್ವರ ಎಂದು ಡಾಕ್ಟರೂ ಹೇಳಿದರು, ನಾನೂ ಹೇಳಿದೆ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ನನಗೆ ತಿಳಿದದ್ದು ಯಾದಗಿರಿಯಲ್ಲಿ. ಅವರ ಒಂದು ಕಣ್ಣಿನ ಪೊರೆ ತೆಗೆಸಲು ನಾನು ಜೊತೆಗೆ ಹೋಗಿದ್ದೆ. ಸುರಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನಲ್ಲಿ ಸ್ವಲ್ಪ ಕೂಡೋಣ ಎಂದರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನೆಟ್ಟಗೆ ಕೂತು, ದೆಹಲಿಯಿಂದ ಬಂದು ಇಳಿದದ್ದು ಇಲ್ಲೇ, ಮತ್ತೆ ರೈಲು ಹತ್ತಲಿಲ್ಲ ಎಂದರು. ದೆಹಲಿಯಲ್ಲಿ ಇವರಿಗೇನು ಕೆಲಸ ಎಂದು ನಾನು ಕೇಳುವ ಮೊದಲೇ ಹೇಳತೊಡಗಿದರು.

ದೇಶ ಗಣರಾಜ್ಯವಾಗಿ ಹೊಸತು. ಇವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಹೊರದೇಶಗಳ ದೊರೆಗಳಿಗೆ ಕಾಗದ ಬರೆಯುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಫಾರ್ಸಿ ಲಿಪಿಯ ದೇಶಗಳಿಗೆ ಹೋಗುವ ಕಾಗದವನ್ನು ಟೈಪು ಮಾಡಿದರೆ ಅವಮಾನ. ಬಿದಿರಿನ ಕಲಮಿನಿಂದಲೇ ಬರೆಯಬೇಕು. ಅಭಿನಂದನೆಗೆ ಒಂದು ಬಗೆಯ ಕಾಗದ, ರಾಯಭಾರಿಯನ್ನು ಕಳಿಸಿದ್ದೇವೆ ಎನ್ನಲು ಒಂದು ಬಗೆ, ದೊರೆ ಸತ್ತರೆ ಸಂತಾಪಕ್ಕೆ ಅಂಚಿಲ್ಲದ ದಪ್ಪ ಕಾಗದ. ಒಂದು ಕಾಗದ ಮುಗಿಯಲು ಮೂರು ದಿನ. ಅದನ್ನು ಒಯ್ಯುವ ಮೊಹರು ಹಾಕಿದ ಚೀಲ ಹೋಗುವುದು ವಾರಕ್ಕೊಮ್ಮೆ. ಹೀಗಾಗಿ ಯಾವುದಾದರೂ ದೊರೆಗೆ ಆರೋಗ್ಯ ಸರಿಯಿಲ್ಲ ಎಂದು ತಂತಿ ಬಂದರೆ ಸಂತಾಪದ ಕಾಗದವನ್ನು ಮೊದಲೇ ಬರೆದು, ತಾರೀಖು ಮಾತ್ರ ಬಿಟ್ಟು, ಡ್ರಾಯರಿನಲ್ಲಿ ಇಡುವುದು ಅಲ್ಲಿನ ಪದ್ಧತಿ. ಇದರಲ್ಲಿ ಯಾರಿಗೂ ಹೇಸಿಗೆ ಅನಿಸುತ್ತಿರಲಿಲ್ಲ.

ಒಬ್ಬ ದೊರೆಗೆ ಸಣ್ಣ ಕೆಮ್ಮು. ಇವರು ಬರೆದಿಟ್ಟರು. ಆ ವಾರ ಬೇರೆ ಕಾಗದಗಳ ಜೊತೆ ಅದೂ ಚೀಲದೊಳಗೆ ಹೋಗಿಬಿಟ್ಟಿತು. ಮೂರನೆಯ ದಿನ ಡ್ರಾಯರು ತೆಗೆದು ನೋಡಿದರೆ ಕಾಗದ ಇಲ್ಲ. ಬದುಕಿರುವ ದೊರೆಗೆ ಸಂತಾಪ! ಹೊಸ ದೇಶದ ಮಾನ ಹೋಗುವ ಮಾತು. ತಡೆಯಲು ತಂತಿ ಕಳಿಸಿದರು. ಅತ್ತಲಿಂದ ಬಂದ ಉತ್ತರದಲ್ಲಿ ಮೆಚ್ಚುಗೆ ಇತ್ತು. ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಚೀಲ ಬಿಚ್ಚಿದ ಹೊತ್ತಿಗೇ ಅರಮನೆಯಿಂದ ಸಾವಿನ ಸುದ್ದಿ ಬಂದಿತ್ತು, ಅವರೇ ತಾರೀಖು ತುಂಬಿ ಕೊಟ್ಟುಬಿಟ್ಟಿದ್ದರು. ಎಲ್ಲ ದೇಶಗಳಿಗಿಂತ ಮೊದಲು ತಲುಪಿದ ಸಂತಾಪ ನಮ್ಮದು. ದೊಡ್ಡ ಅಧಿಕಾರಿ ಇವರನ್ನು ಕರೆಸಿ ಬೆನ್ನು ತಟ್ಟಿದರಂತೆ.

ನಾನು ನಕ್ಕೆ. "ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋಗ್ಯದ ಬಿಡ್ರಿ ಕಾಕಾ" ಎಂದೆ.

ಅವರು ಬಟ್ಟೆ ಕಟ್ಟದ ಕಣ್ಣನ್ನು ನನ್ನ ಕಡೆ ತಿರುಗಿಸಿದರು. "ಹೌದ್ರಿ. ಆದ್ರ ಕೂತ ಕಾಗಿ ನಾನ ಅಲ್ಲೇನ್ರಿ? ಅದಕ್ಕ ಕೂಡೂದ ಬಿಟ್ಟೀನಿ."

ಇದಾದ ಮೇಲೆ ಎರಡನೆಯ ಕಾಗದವೊಂದಿತ್ತು, ಅದರ ಮಾತು ಬೇಡ ಎಂದರು. ಮುಂಬಯಿ ಕಡೆಯ ರೈಲು ಬಂತು, ನಿಂತಿತು, ಹೋಯಿತು. ಅವರು ಅದನ್ನು ನೋಡಲೂ ಇಲ್ಲ.

ಊರಿಗೆ ಬಂದು ಈ ಕತೆಯನ್ನು ಅಪ್ಪನಿಗೆ ರಂಜಿಸಿ ಹೇಳಿದೆ. ಅಪ್ಪ ನಾರಾಯಣಪುರ ಡ್ಯಾಮಿನಲ್ಲಿ ನೀರಿನ ಗೇಜು ನೋಡುವ ಕೆಲಸದಲ್ಲಿದ್ದು ನಿವೃತ್ತನಾಗಿ ನಮ್ಮೊಂದಿಗೇ ಇದ್ದ. ಕಂಡದ್ದನ್ನು ಕಂಡ ಹಾಗೆ ಬರೆಯುವುದೊಂದೇ ಅವನು ಜೀವನವಿಡೀ ಮಾಡಿದ್ದು. ದೆವ್ವ, ದೇವರು, ಎರಡರ ಗೋಜಿಗೂ ಹೋದವನಲ್ಲ. ಅವನೂ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

ಎರಡು ವರ್ಷ ಕಳೆದು ಅಪ್ಪನ ಗಂಟಲಲ್ಲಿ ಹುಣ್ಣಾಯಿತು. ಕಲಬುರಗಿಯಲ್ಲಿ ಕತ್ತರಿಸಿದರು, ಸುಟ್ಟರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದರು. ದೀಪಾವಳಿಯವರೆಗೆ ಕೋಲು ಹಿಡಿದು ಓಣಿಯಲ್ಲಿ ಅಡ್ಡಾಡುತ್ತಿದ್ದ. ಶಿವರಾತ್ರಿ ಹೊತ್ತಿಗೆ ಹಾಸಿಗೆ. ಧ್ವನಿ ಹೋಯಿತು, ಆಮೇಲೆ ಗುಟುಕು ನೀರೂ ಇಳಿಯದಾಯಿತು. ನೋವು ಬಂದಾಗ ಕೂಗಲು ಆಗದೆ ಮಂಚದ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ನೋವಿನ ಔಷಧಿ ಒಮ್ಮೆ ಸಿಕ್ಕರೆ ನಾಲ್ಕು ಸಲ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಕೂತರೂ ಆ ಕೆರೆಯುವ ಸದ್ದು ನನ್ನ ಕಿವಿಯಲ್ಲಿ ಇರುತ್ತಿತ್ತು. ಅಪ್ಪ ಸಾಯಲಿ ಎಂದು ನಾನು ಬೇಡಿಕೊಂಡಿದ್ದೇನೆ. ಅವನ ಸಲುವಾಗಿ ಎಷ್ಟು, ನನ್ನ ಸಲುವಾಗಿ ಎಷ್ಟು ಎಂದು ಈಗಲೂ ಬಿಡಿಸಿ ಹೇಳಲಾರೆ.

ಯುಗಾದಿ ಆಗಿತ್ತು. ಒಂದು ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಮನೆಗೆ ಬಂದೆ. ಮುನ್ಷಿ ಕಾಕಾನ ಮನೆಗೆ ಹೋಗಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟೆ. ಕಾಗೆ, ಟೊಂಗೆ ಎಂದು ನಕ್ಕವನೇ ನಾನು. ನಂಬಿದ್ದೆನೇ? ನಂಬದವನು ಅಂಥ ಬಿಸಿಲಲ್ಲಿ ಹೋಗುತ್ತಾನೆಯೇ?

ಕಾಕಾ ಒಬ್ಬರೇ ಕೂತಿದ್ದರು. ಪೀಠಿಕೆ ಹಾಕಲಿಲ್ಲ ನಾನು.

"ಅಪ್ಪನ ಹೆಸರು ಬರೀರಿ ಕಾಕಾ."

ಅವರಿಗೆ ಆಶ್ಚರ್ಯವಾಗಲಿಲ್ಲ. ಎದ್ದು ಗೋಡೆಯ ಗೂಡಿನಿಂದ ಒಂದು ಹಾಳೆ ತೆಗೆದರು. ದಪ್ಪ ಹಾಳೆ, ಹಳದಿಯಾಗಿತ್ತು, ಅಂಚಿರಲಿಲ್ಲ. ಅಂಥದ್ದು ಅವರ ಹತ್ತಿರ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಬಿದಿರಿನ ಕಲಮಿನ ತುದಿಯನ್ನು ಚಾಕುವಿನಿಂದ ಹೆರೆದರು. ಶಾಯಿ ಕಲಕಿದರು. ಆ ಕೋಣೆ ಸುರಪುರದಲ್ಲಿದೆ ಎಂದು ನನಗೆ ಅನಿಸಲಿಲ್ಲ. ಹೊರಗೆ ಯಾವುದೋ ಮೋಟಾರ್ ಸೈಕಲ್ ಹೋದದ್ದು ಬಹಳ ದೂರದಲ್ಲಿ ಹೋದಂತೆ ಕೇಳಿತು. ಅಪ್ಪನ ಪೂರ್ತಿ ಹೆಸರು ಕೇಳಿದರು, ಅಜ್ಜನ ಹೆಸರು ಕೇಳಿದರು. ಹೇಳಿದೆ. ತಲೆಯಾಡಿಸಿದರು, ಬರೆಯಲಿಲ್ಲ.

"ಇನ್ನ ನಿಮ್ಮದು ಹೇಳ್ರಿ. ಪೂರಾ."

"ನಂದ್ಯಾಕ್ರಿ?"

"ಸತ್ತವರಿಗೆ ಯಾರೂ ಕಾಗದ ಬರಿಯೂದಿಲ್ರಿ. ವಾರಸದಾರಗ ಬರೀತಾರ. ಮೊದಲ್ನೇ ಸಾಲಿನಾಗ ನಿಮ್ಮ ಹೆಸರು, ಅದರ ಕೆಳಗ ಅಪ್ಪಂದು."

ಬರೀ ಅಪ್ಪನ ಹೆಸರೊಂದೇ ಬರೆದರೆ ಸಾಕಲ್ಲ ಎಂದೆ. ಬರೀ ಹೆಸರು ಬರೆದರೆ ಏನಾಗುತ್ತದೋ ತಮಗೆ ತಿಳಿಯದು, ತಿಳಿದಿರುವುದು ಇದೊಂದೇ ರೀತಿ ಎಂದರು. ಆಮೇಲೆ ಯಾದಗಿರಿಯಲ್ಲಿ ಬಿಟ್ಟಿದ್ದ ಎರಡನೆಯ ಕಾಗದದ ಮಾತು ತೆಗೆದರು. ಅದು ಬೇರೊಂದು ದೇಶ. ದೊರೆಗೆ ಎಪ್ಪತ್ತು ದಾಟಿತ್ತು, ವೈದ್ಯರು ಕೈಬಿಟ್ಟಿದ್ದರು. ಬರೆಯಲು ಹೇಳಿದರು, ಇವರು ಮನಸ್ಸಿಲ್ಲದೆ ಬರೆದರು. ಮೊದಲ ಸಾಲಿನಲ್ಲಿ ಯುವರಾಜನ ಹೆಸರು, ಕೆಳಗೆ ದೊರೆಯ ಹೆಸರು. ಈ ಕಾಗದ ಡ್ರಾಯರಿನಲ್ಲೇ ಇತ್ತು, ಎಲ್ಲಿಗೂ ಹೋಗಲಿಲ್ಲ. ವಾರದೊಳಗೆ ದೊರೆ ಎದ್ದು ಕೂತ, ಗಂಜಿ ಉಂಡ, ತೋಟದಲ್ಲಿ ನಡೆದಾಡಿದ. ಇಪ್ಪತ್ತೈದು ವರ್ಷದ ಯುವರಾಜ ಮೂರು ದಿನದ ಜ್ವರದಲ್ಲಿ ಹೋದ. ಮಗನ ಸಲುವಾಗಿ ಅಪ್ಪನಿಗೆ ಸಂತಾಪ ಬರೆಯಿರಿ ಎಂದು ಕಚೇರಿಯಲ್ಲಿ ಹೇಳಿದಾಗ ಇವರು ಕಲಮನ್ನು ಮೇಜಿನ ಮೇಲಿಟ್ಟು ಯಾದಗಿರಿಯ ರೈಲು ಹತ್ತಿದರು.

ಕಲಮಿನ ತುದಿ ಶಾಯಿಯಲ್ಲಿತ್ತು. ಕಾಕಾ ನನ್ನನ್ನು ನೋಡುತ್ತಿರಲಿಲ್ಲ, ಹಾಳೆಯನ್ನು ನೋಡುತ್ತಿದ್ದರು.

"ಎರಡು ಹೆಸರು ಬರ್ತಾವ. ಯಾವುದು ಹೋಗ್ತದ ನನಗ ಗೊತ್ತಿಲ್ಲ. ಬರೀಲೇನ್ರಿ?"

ಆಗ ನನಗೆ ಇಬ್ಬರು ಹೆಣ್ಣುಮಕ್ಕಳು ನೆನಪಾದರು, ಅವರ ಓದು, ಮದುವೆ ನೆನಪಾಯಿತು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಅದು ಆಮೇಲೆ ಕಟ್ಟಿದ ಸಬೂಬು. ಆ ಗಳಿಗೆಯಲ್ಲಿ ಯಾವ ಮಕ್ಕಳೂ ನೆನಪಾಗಲಿಲ್ಲ. ನನ್ನ ಜೀವ ನೆನಪಾಯಿತು, ಅಷ್ಟೇ.

"ಬ್ಯಾಡ್ರಿ" ಎಂದೆ.

ಅವರು ಕಲಮನ್ನು ಒರೆಸಿ, ಹಾಳೆಯನ್ನು ಮತ್ತೆ ಗೂಡಿನಲ್ಲಿಟ್ಟರು. ಚಹಾ ಕುಡಿದು ಹೋಗಿ ಎಂದರು. ನಾನು ಕುಡಿಯಲಿಲ್ಲ.

ಅಪ್ಪ ಮಳೆ ಹಿಡಿಯುವವರೆಗೆ ಇದ್ದ. ಹೇಗಿದ್ದ ಎಂದು ಬರೆಯುವುದಿಲ್ಲ. ಕೊನೆಗೆ ಒಂದು ಬೆಳಗ್ಗೆ ಕೆರೆಯುವ ಸದ್ದು ನಿಂತಿತು. ಮೂರನೆಯ ದಿನ ನಾನು ರೂಢಿಯಂತೆ ಕಾಕಾ ಮನೆಗೆ ಹೋಗಬೇಕಿತ್ತು. ಹೋಗಲು ಕಾಲು ಬರಲಿಲ್ಲ. ಅವರೇ ಬಂದರು. ಶೇರ್ವಾನಿಯ ಒಳಗಿನಿಂದ ಅಪ್ಪನ ಹೆಸರು ಬರೆದ ಪಟ್ಟಿ ತೆಗೆದು ಫೋಟೋದ ಮುಂದೆ ಇಟ್ಟು, ನನ್ನ ಪಕ್ಕ ಜಮಖಾನೆಯ ಮೇಲೆ ಕೂತರು. ಇದನ್ನು ಹೇಳಬಾರದು ಎಂದು ಇಷ್ಟು ದಿನ ಇದ್ದೆ, ಈಗ ಅವರಿಲ್ಲ, ಹೇಳುತ್ತೇನೆ ಎಂದರು.

"ದೀಪಾವಳಿ ಮುಂದ ನಿಮ್ಮ ಅಪ್ಪ ಬಂದಿದ್ರು. ಧ್ವನಿ ಇನ್ನೂ ಸ್ವಲ್ಪ ಇತ್ತು. ತಮ್ಮ ಹೆಸರು ಬರೀರಿ ಅಂದ್ರು. ನಾ ಹಾಳಿ ತಗದೆ. ವಾರಸದಾರಂದು, ಅಂದ್ರ ನಿಮ್ಮ ಹೆಸರೂ ಬೇಕು, ಎರಡ್ರಾಗ ಯಾವುದು ಹೋಗ್ತದ ಗೊತ್ತಿಲ್ಲ ಅಂದೆ. ನಾ ಪೂರಾ ಹೇಳಿ ಮುಗಿಸೂದ್ರಾಗ ಎದ್ದು ಹೋದ್ರು. ಕೋಲು ನಮ್ಮನ್ಯಾಗ ಬಿಟ್ಟು ಹೋಗಿದ್ರು."

ಎದ್ದು ಹೊರಟರು. ನಾನು ಬಾಗಿಲವರೆಗೂ ಹೋಗಲಿಲ್ಲ.

ಇದನ್ನು ಹೆಂಡತಿಗೆ ಹೇಳಿದ್ದು ದಿನಕರ್ಮ ಎಲ್ಲ ಮುಗಿದ ಮೇಲೆ. ನಾನು ಯಾಕೆ ಹೋಗಿದ್ದೆ ಎಂಬುದನ್ನೂ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ಅವತ್ತು ನೀವು ಮುನ್ಷಿ ಕಾಕಾನ ಮನಿಗಿ ಹೋಗೀರಿ ಅಂತ ಮಾವನ ಮುಂದ ಅಂದೆ. ಅಂದ ಕೂಡ್ಲೇ ಮಂಚದಿಂದ ಇಳಿಯಾಕ ಹೋದ್ರು. ಕೆಳಗ ಬಿದ್ರು. ಎತ್ತಿ ಮಲಗಿಸಿದ್ರ ಮತ್ತ ಇಳಿಯಾಕ ಹತ್ತಿದ್ರು. ನನಗ ತಿಳೀಲಿಲ್ರಿ, ನೋವು ಅಂತ ತಿಳಕೊಂಡೆ. ನೀವು ಬರೂತನಕ ಬಾಗಿಲಾ ನೋಡಿಕೋತ ಇದ್ರು."

ಅವತ್ತು ನಾನು ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದ. ನಾನು ಅವನ ಮುಖ ನೋಡಲಾಗದೆ ನೇರ ಹಿತ್ತಲಿಗೆ ಹೋಗಿ, ಕಾಲು ತೊಳೆದುಕೊಳ್ಳುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದೆ.